ಉದ್ದಬಾಲದ ಟ್ರಾಪಿಕ್‌ಬರ್ಡ್: ಎಲ್ಲಿ ಸಿಗುತ್ತದೆ, ಏಕೆ ಅಲ್ಲೇ ಸಿಗುತ್ತದೆ

ಎಲ್ಲರಿಗೂ ನಮಸ್ಕಾರ. ಕಡಲಹಕ್ಕಿಗಳ ಯಾವುದೇ ಕೈಪಿಡಿಯಲ್ಲಿ ಟ್ರಾಪಿಕ್‌ಬರ್ಡ್ ಪುಟಕ್ಕೆ ಬಂದರೆ ಪಕ್ಕದಲ್ಲೊಂದು ನಕಾಶೆ ಇರುತ್ತದೆ. ಭೂಮಧ್ಯರೇಖೆಯ ಎರಡೂ ಬದಿಗೆ, ಮೂರು ಸಾಗರಗಳ ಉದ್ದಗಲಕ್ಕೆ ಬಣ್ಣ ಬಳಿದಿರುತ್ತಾರೆ. ನಕಾಶೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನಷ್ಟೇ ನಂಬಿ ದೋಣಿ ಹತ್ತಿದವರಿಗೆ ಇಡೀ ದಿನ ಒಂದು ಹಕ್ಕಿಯೂ ಕಾಣದೆ ಹೋಗಬಹುದು. ಯಾವುದೋ ಪುಟ್ಟ ದ್ವೀಪದ ಕಡಿದಾದ ಬಂಡೆಯ ಎದುರು ನಡುಹಗಲಲ್ಲಿ ನಿಂತವರಿಗೋ, ಅದೇ ಹಕ್ಕಿಗಳು ಹತ್ತಾರು ಒಟ್ಟಿಗೆ ಕಿರುಚುತ್ತ ಸುತ್ತುವುದು ಕಾಣುತ್ತದೆ. ಇವತ್ತಿನ ಮಾತೆಲ್ಲ ಈ ಅಂತರದ ಸುತ್ತಲೇ ಇದೆ. ಟ್ರಾಪಿಕ್‌ಬರ್ಡ್‌ಗೆ ಊಟ ಕೊಡುವುದು ಸಾಗರ. ಅದು ಎಲ್ಲಿ ಉಳಿಯಬೇಕು, ಎಲ್ಲಿಂದ ಅಳಿಯಬೇಕು ಎಂದು ತೀರ್ಮಾನಿಸುವುದು ಮಾತ್ರ ನೆಲದ ಮೇಲಿನ ಪೊಟರೆ: ನೆರಳಿರುವ, ಶತ್ರುಗಳಿಲ್ಲದ, ಹಾರಿಬಂದು ನೇರ ಇಳಿಯಬಹುದಾದ ಒಂದು ಪೊಟರೆ.

ಮೊದಲು ಹಕ್ಕಿಯ ಪರಿಚಯ ಆಗಲಿ. ಫೀಥಾನ್ ಎಂಬ ಕುಲ, ಅದರಲ್ಲಿ ಇವತ್ತು ಬದುಕಿರುವುದು ಮೂರೇ ಪ್ರಭೇದ: ಕೆಂಪುಕೊಕ್ಕಿನದು, ಕೆಂಪುಬಾಲದ್ದು, ಬಿಳಿಬಾಲದ್ದು. ಬಹಳ ಕಾಲ ಇವನ್ನು ಹೆಜ್ಜಾರ್ಲೆ, ನೀರುಕಾಗೆ, ಬೂಬಿಗಳ ಗುಂಪಿಗೆ ಸೇರಿಸಿದ್ದರು. ಕಾರಣ, ನಾಲ್ಕೂ ಬೆರಳುಗಳನ್ನು ಸೇರಿಸುವ ಜಾಲಪೊರೆ. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಆ ನೆಂಟಸ್ತಿಕೆ ನಿಲ್ಲಲಿಲ್ಲ. ಈಗ ಇವಕ್ಕೆ ಪ್ರತ್ಯೇಕ ಗಣವೇ ಇದೆ. ಹತ್ತಿರದ ಬಂಧುಗಳೆಂದು ತೋರಿಬಂದಿರುವುದು ನ್ಯೂ ಕ್ಯಾಲಿಡೋನಿಯಾದ ಕಾಗು ಮತ್ತು ಅಮೆರಿಕದ ಉಷ್ಣವಲಯದ ಕಾಡಿನ ಸನ್‌ಬಿಟರ್ನ್. ಎರಡೂ ಕಾಡಿನಲ್ಲಿ ನಡೆದಾಡುವ ಹಕ್ಕಿಗಳು, ಕಡಲಿನ ಸಹವಾಸವೇ ಇಲ್ಲ. ಹಳೆಯ ವರ್ಗೀಕರಣದ ಮೇಲೆ ಅನುಮಾನ ಬರಲು ಗೂಡಿನಲ್ಲೇ ಎರಡು ಸುಳಿವುಗಳಿದ್ದವು. ಬೂಬಿ, ಹೆಜ್ಜಾರ್ಲೆಗಳ ಮರಿ ಬೋಳಾಗಿ ಹುಟ್ಟುತ್ತದೆ. ಟ್ರಾಪಿಕ್‌ಬರ್ಡ್ ಮರಿ ಮೊಟ್ಟೆಯೊಡೆದು ಬರುವಾಗಲೇ ದಟ್ಟ ತುಪ್ಪುಳ ಹೊದ್ದಿರುತ್ತದೆ. ಅವುಗಳ ಮರಿ ತಂದೆ ತಾಯಿಯ ಬಾಯೊಳಗೆ ತಲೆ ತೂರಿಸಿ ತಿನ್ನುತ್ತದೆ. ಇಲ್ಲಿ ದೊಡ್ಡ ಹಕ್ಕಿಯೇ ಮರಿಯ ಗಂಟಲಿಗೆ ಕೊಕ್ಕು ಇಳಿಸಿ ಆಹಾರ ಸುರಿಯುತ್ತದೆ.

ಮೂರರಲ್ಲಿ ಬಿಳಿಬಾಲದ್ದು ಚಿಕ್ಕದು. ತೂಕ 300ರಿಂದ 350 ಗ್ರಾಂ, ರೆಕ್ಕೆ ಬಿಚ್ಚಿದರೆ 90–95 ಸೆಂಟಿಮೀಟರ್. ಉಳಿದೆರಡು ಅದರ ಇಮ್ಮಡಿ ತೂಗುತ್ತವೆ, 700 ಗ್ರಾಂ ಆಸುಪಾಸು. ರೆಕ್ಕೆಯ ಹರವು ಒಂದು ಮೀಟರ್ ಮುಟ್ಟುತ್ತದೆ. ಈ ತೂಕದ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಪೊಟರೆಯ ಬಾಗಿಲಲ್ಲಿ ಅದು ಬೇಕಾಗುತ್ತದೆ.

ಬಾಲದ ಆ ಉದ್ದ ಎಲ್ಲವೂ ನಡುವಿನ ಎರಡೇ ಗರಿಗಳದ್ದು. ಕೆಂಪುಕೊಕ್ಕಿನ ಹಕ್ಕಿಯಲ್ಲಿ ಅವು 46ರಿಂದ 56 ಸೆಂಟಿಮೀಟರ್, ಅಂದರೆ ಉಳಿದ ಇಡೀ ಮೈಯಷ್ಟೇ ಉದ್ದ. ಗಂಡು ಹೆಣ್ಣು ಎರಡಕ್ಕೂ ಇರುತ್ತವೆ. ಬರಿಗಣ್ಣಿನಲ್ಲಿ ಲಿಂಗ ಗುರುತಿಸಲು ಅವುಗಳಿಂದ ಉಪಯೋಗವಿಲ್ಲ. ಎರಡೂ ಒಟ್ಟಿಗೆ ಉದುರುವುದಿಲ್ಲ. ಒಂದು ಪೂರ್ತಿ ಬೆಳೆದಿರುವಾಗ ಇನ್ನೊಂದು ಉದುರಿ ಹೊಸದು ಬರುತ್ತಿರುತ್ತದೆ. ಹಾಗಾಗಿ ಒಂದೇ ಗರಿ ಉದ್ದವಿರುವ ಹಕ್ಕಿಯನ್ನು ಕಂಡು ಗಾಯವಾಗಿದೆ ಎಂದುಕೊಳ್ಳಬೇಡಿ. ಇಕ್ಕಟ್ಟಾದ ಪೊಟರೆಯಲ್ಲಿ ವಾರಗಟ್ಟಲೆ ಕಾವು ಕೂತ ಹಕ್ಕಿಯ ಬಾಲ ಗೋಡೆಗೆ ಉಜ್ಜಿ ಬಾಗಿರುತ್ತದೆ, ಮುರಿದೂ ಇರುತ್ತದೆ. ಮೀನು ಹಿಡಿಯಲು ಅದರಿಂದ ಅಡ್ಡಿಯಿಲ್ಲ.

ಈಗ ಕಾಲಿಗೆ ಬರೋಣ. ಈ ಹಕ್ಕಿಯ ಬದುಕಿನ ನಿಜವಾದ ಕೀಲು ಇರುವುದು ಇಲ್ಲಿ. ಕಾಲುಗಳು ಗಿಡ್ಡ, ಸಣ್ಣ, ಮೈಯ ತೀರಾ ಹಿಂಭಾಗಕ್ಕೆ ಸರಿದಿವೆ. ಎದ್ದು ನಿಂತು ನಡೆಯುವುದು ಇದಕ್ಕೆ ಸಾಧ್ಯವಿಲ್ಲ. ನೆಲದ ಮೇಲೆ ಎದೆ ಹೊಟ್ಟೆ ಊರಿ, ಎರಡೂ ಕಾಲಿನಿಂದ ಹಿಂದಕ್ಕೆ ಒದೆಯುತ್ತ, ಬೇಕಾದಾಗ ರೆಕ್ಕೆಯ ಆಸರೆ ಪಡೆಯುತ್ತ ತೆವಳುತ್ತದೆ. ಸಪಾಟು ನೆಲದಿಂದ ಜಿಗಿದು ಹಾರುವುದೂ ಕಷ್ಟ. ಆದ್ದರಿಂದ ಅದಕ್ಕೆ ಬೇಕಾದ ಗೂಡಿನ ಜಾಗ ಹೀಗಿರಬೇಕು: ಹಾರುತ್ತಲೇ ಬಂದು ಬಾಗಿಲಲ್ಲೇ ಇಳಿಯುವಂತಿರಬೇಕು, ಹೊರಡುವಾಗ ಜಾರಿ ಬಿದ್ದರೆ ಕೆಳಗೆ ಬರಿಗಾಳಿ ಇರಬೇಕು, ಅಥವಾ ಕನಿಷ್ಠ ಎದುರುಗಾಳಿ ಸಿಗುವ ತೆರಪು ಇರಬೇಕು. ಕಡಲಿಗೆ ಮುಖಮಾಡಿದ ಬಂಡೆಯ ಬಿರುಕು ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದ ತಗ್ಗು ಹವಳದ್ವೀಪಗಳಲ್ಲಿ ಕೆಂಪುಬಾಲದ್ದು ಪೊದೆಯ ಬುಡದಲ್ಲಿ ಮೊಟ್ಟೆಯಿಡುತ್ತದೆ, ಬಿಳಿಬಾಲದ್ದು ಮರದ ಪೊಟರೆ ಅಥವಾ ಬುಡದ ಬೇರುಗಳ ನಡುವೆ ಕೂರುತ್ತದೆ. ಎಲ್ಲಿಯೇ ಆದರೂ ನೆರಳು ತಪ್ಪಬಾರದು.

ಸಮುದ್ರದ ಮೇಲೆ ಇದೇ ಹಕ್ಕಿ ಬೇರೆಯೇ ಜೀವಿ. ನೀರಿನಿಂದ ಸಾಕಷ್ಟು ಎತ್ತರದಲ್ಲಿ, ಬಿಡುವಿಲ್ಲದೆ ರೆಕ್ಕೆ ಬಡಿಯುತ್ತ, ಪಾರಿವಾಳ ಹಾರಿದಂತೆ ನೇರವಾಗಿ ಹಾರುತ್ತದೆ. ಬೇಟೆ ಕಂಡರೆ ಒಂದು ಕ್ಷಣ ಗಾಳಿಯಲ್ಲಿ ನಿಂತು, ರೆಕ್ಕೆ ಅರ್ಧ ಮಡಚಿ ನೀರಿಗೆ ಬೀಳುತ್ತದೆ. ಬೀಳುವ ಪೆಟ್ಟನ್ನು ತಾಳಲು ಎದೆ, ಕತ್ತಿನ ಚರ್ಮದಡಿ ಗಾಳಿಚೀಲಗಳಿವೆ. ಕೆಂಪುಬಾಲದ ಹಕ್ಕಿಗಳ ಮೈಗೆ ಆಳಮಾಪಕ ಕಟ್ಟಿ ನೋಡಿದಾಗ ಹೆಚ್ಚಿನ ಮುಳುಗುಗಳು ಕೆಲವೇ ಮೀಟರ್ ಆಳದವು, ಅತಿ ಆಳದವು 13 ಮೀಟರ್ ಹತ್ತಿರದವು ಎಂದು ತಿಳಿದುಬಂತು. ಆಹಾರದಲ್ಲಿ ಮುಖ್ಯವಾದವು ಹಾರುಮೀನು ಮತ್ತು ಸ್ಕ್ವಿಡ್. ಕೊಕ್ಕಿನ ಅಂಚು ಗರಗಸದ ಹಾಗೆ ಹಲ್ಲುಹಲ್ಲಾಗಿರುವುದರಿಂದ ಜಾರುವ ಬೇಟೆ ಕೈತಪ್ಪುವುದಿಲ್ಲ. ಹೆಚ್ಚಾಗಿ ಒಂಟಿಯಾಗಿ ಅಥವಾ ಜೋಡಿಯಾಗಿ, ತೀರದಿಂದ ಬಹುದೂರ ಬೇಟೆಯಾಡುತ್ತದೆ. ಗರಿಗಳು ನೀರು ಹೀರುವುದಿಲ್ಲ. ದಣಿದಾಗ ಬಾಲ ಮೇಲೆತ್ತಿಕೊಂಡು ಅಲೆಗಳ ಮೇಲೆಯೇ ತೇಲುತ್ತ ಕೂರುತ್ತದೆ. ಫ್ರಿಗೇಟ್ ಹಕ್ಕಿಗೆ ಈ ಸೌಕರ್ಯವಿಲ್ಲ. ಗೂಡಿನ ಕೆಲಸ ಇಲ್ಲದ ತಿಂಗಳುಗಳಲ್ಲಿ ಟ್ರಾಪಿಕ್‌ಬರ್ಡ್‌ಗೆ ನೆಲದ ಅಗತ್ಯವೇ ಬೀಳುವುದಿಲ್ಲ ಎನ್ನಬಹುದು. ಆ ಅವಧಿಯಲ್ಲಿ ಹಕ್ಕಿಗಳು ಸಾವಿರಾರು ಕಿಲೋಮೀಟರ್ ನೀರಿನ ಮೇಲೆ ಚೆದುರಿರುತ್ತವೆ. ನಕಾಶೆಯ ಬಣ್ಣ ಅಷ್ಟು ಅಗಲಕ್ಕೆ ಹರಡಿರುವುದು ಇದರಿಂದಲೇ.

ಮೂರು ಪ್ರಭೇದ, ಮೂರು ಸಾಗರ

ಕೆಂಪುಬಾಲದ್ದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹಕ್ಕಿ. ಅಟ್ಲಾಂಟಿಕ್‌ನಲ್ಲಿ ಗೂಡು ಮಾಡುವುದಿಲ್ಲ. ಪೆಸಿಫಿಕ್‌ನಲ್ಲಿ ಹವಾಯಿ ಸರಣಿಯ ಮಿಡ್‌ವೇ, ಕುರೆ ಹವಳದ್ವೀಪಗಳು, ಜಾನ್‌ಸ್ಟನ್ ಹವಳದ್ವೀಪ, ದಕ್ಷಿಣಕ್ಕೆ ಕರ್ಮಡೆಕ್, ನಾರ್ಫೋಕ್, ಲಾರ್ಡ್ ಹೋವ್ ದ್ವೀಪಗಳು. ಹಿಂದೂ ಮಹಾಸಾಗರದಲ್ಲಿ ಅಲ್ಡಾಬ್ರಾ, ಯುರೋಪಾ ದ್ವೀಪ, ಮಾರಿಷಸ್‌ನ ರೌಂಡ್ ಐಲೆಂಡ್, ಮಡಗಾಸ್ಕರ್‌ನ ನೈಋತ್ಯ ಮೂಲೆಯ ನೋಸಿ ವೇ, ಪೂರ್ವದಲ್ಲಿ ಕ್ರಿಸ್ಮಸ್ ದ್ವೀಪ.

ಕೆಂಪುಕೊಕ್ಕಿನದು ಸರಿಸುಮಾರು ಇದು ಬಿಟ್ಟ ಜಾಗಗಳಲ್ಲಿದೆ: ಪೂರ್ವ ಪೆಸಿಫಿಕ್‌ನ ಗಲಪಗೋಸ್ ಮತ್ತು ಮೆಕ್ಸಿಕೊ ಕಡೆಯ ದ್ವೀಪಗಳು, ಕೆರಿಬಿಯನ್‌ನ ಸಾಬಾ, ಸಿಂಟ್ ಯುಸ್ಟೇಷಿಯಸ್, ಲಿಟ್ಲ್ ಟೊಬೇಗೊ, ಆಫ್ರಿಕಾ ಬದಿಯ ಕೇಪ್ ವರ್ಡ್, ದಕ್ಷಿಣ ಅಟ್ಲಾಂಟಿಕ್‌ನ ಅಸೆನ್ಷನ್, ಸೇಂಟ್ ಹೆಲೆನಾ, ಬ್ರೆಜಿಲ್‌ನ ಅಬ್ರೊಲ್ಯೊಸ್. ಇವುಗಳಿಂದ ದೂರದಲ್ಲಿ ಇದೇ ಹಕ್ಕಿಯ ಇನ್ನೊಂದು ಉಪಪ್ರಭೇದವಿದೆ. ಅದು ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿ, ಅರಬ್ಬೀ ಸಮುದ್ರದ ಉತ್ತರ ಭಾಗದ್ದು. ಒಮಾನ್ ತೀರದ ಹಲ್ಲಾನಿಯಾತ್ ದ್ವೀಪಗಳು ಅದರ ನೆಲೆಗಳಲ್ಲೊಂದು. ಮುಂಗಾರಿನ ಗಾಳಿ ಜೋರಾದಾಗ ಭಾರತದ ಪಶ್ಚಿಮ ತೀರಕ್ಕೆ ದಣಿದು ಬಂದು ಬೀಳುವ ಟ್ರಾಪಿಕ್‌ಬರ್ಡ್‌ಗಳಲ್ಲಿ ಇದೂ ಸೇರಿದೆ.

ಬಿಳಿಬಾಲದ್ದಾದರೋ ಮೂರೂ ಸಾಗರದಲ್ಲಿ, ಎರಡೂ ದೊಡ್ಡ ನೆಂಟರ ಪಕ್ಕದಲ್ಲೇ ಬಾಳುತ್ತದೆ. ಉತ್ತರ ಅಟ್ಲಾಂಟಿಕ್‌ನ ಬರ್ಮುಡಾ ಅದರ ಉತ್ತರದ ತುದಿ, ಸುಮಾರು 32 ಡಿಗ್ರಿ ಅಕ್ಷಾಂಶ. ಅಷ್ಟು ಮೇಲಕ್ಕೆ ಅದು ತಲುಪಿದ್ದು ಗಲ್ಫ್ ಸ್ಟ್ರೀಮ್ ಹೊತ್ತು ತರುವ ಬೆಚ್ಚನೆಯ ನೀರಿನಿಂದ. ಅಲ್ಲಿಯ 50 ಡಾಲರ್ ನೋಟಿನ ಮೇಲೂ 25 ಸೆಂಟ್ ನಾಣ್ಯದ ಮೇಲೂ ಈ ಹಕ್ಕಿಯ ಚಿತ್ರವಿದೆ. ಬಹಾಮಾಸ್, ಅಸೆನ್ಷನ್, ಸೇಶೆಲ್ಸ್‌ನ ಕಸಿನ್ ಮತ್ತು ಅರೀಡ್ ದ್ವೀಪಗಳು, ಮಾರಿಷಸ್, ಹವಾಯಿ ಹೀಗೆ ಪಟ್ಟಿ ಉದ್ದವಿದೆ. ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯ ಕುಂಡದ ಗೋಡೆಗಳಲ್ಲೂ ಅದು ಗೂಡು ಮಾಡುತ್ತದೆ. ಕೆಳಗಿನಿಂದ ಹೊಗೆ ಏಳುತ್ತಿದ್ದರೂ ಕಡಿದಾದ ಗೋಡೆ ಮತ್ತು ಬಿರುಕುಗಳಿದ್ದರೆ ಅದಕ್ಕೆ ಸಾಕು. ಕ್ರಿಸ್ಮಸ್ ದ್ವೀಪದಲ್ಲಿ ಇದರದೇ ಉಪಪ್ರಭೇದವೊಂದಿದೆ, ಮೈಬಣ್ಣ ಹೊಂಬಣ್ಣಕ್ಕೆ ತಿರುಗಿದ್ದು. ಅದು ಬಂಡೆ ಬಿಟ್ಟು ಮಳೆಕಾಡಿನ ಎತ್ತರದ ಮರಗಳ ಪೊಟರೆ ಹಿಡಿದಿದೆ. ಕಾಡಿನ ಹಸಿರಿನ ಮೇಲೆ ಹೊಂಬಣ್ಣದ ಕಡಲಹಕ್ಕಿ ಹಾರುವುದನ್ನು ನೋಡಬೇಕಾದರೆ ಆ ಒಂದು ದ್ವೀಪಕ್ಕೇ ಹೋಗಬೇಕು.

ಎರಡು ದೊಡ್ಡ ಪ್ರಭೇದಗಳು ಜಗತ್ತನ್ನು ಹೆಚ್ಚುಕಡಿಮೆ ಹಂಚಿಕೊಂಡಿವೆ, ಚಿಕ್ಕದು ಎರಡರ ಜೊತೆಗೂ ಇದೆ. ಇದಕ್ಕೆ ಸಮುದ್ರದ ನೀರಿನ ಗುಣ, ಮೀನಿನ ಗಾತ್ರ ಎಲ್ಲವೂ ಕಾರಣ ಇರಬಹುದು. ಆದರೆ ಪೊಟರೆಯ ಬಾಗಿಲನ್ನು ಮರೆಯಬಾರದು. ಅಸೆನ್ಷನ್ ದ್ವೀಪದಲ್ಲಿ ಕೆಂಪುಕೊಕ್ಕಿನದೂ ಬಿಳಿಬಾಲದ್ದೂ ಒಟ್ಟಿಗೆ ಇವೆ. ಬ್ರಿಟಿಷ್ ಪಕ್ಷಿವಿಜ್ಞಾನಿಗಳ ತಂಡವೊಂದು 1957ರಿಂದ 1959ರವರೆಗೆ ಅಲ್ಲೇ ನೆಲೆಸಿ ಗೂಡುಗಳನ್ನು ಹಿಂಬಾಲಿಸಿತು. ವರ್ಷದ ಎಲ್ಲ ತಿಂಗಳಲ್ಲೂ ಮೊಟ್ಟೆ ಸಿಗುತ್ತಿದ್ದವು. ಹಕ್ಕಿಗಳ ಸಂಖ್ಯೆಗೆ ಹೋಲಿಸಿದರೆ ಪೊಟರೆ ತೀರಾ ಕಡಿಮೆ. ಒಂದು ಜೋಡಿ ಜಾಗ ಖಾಲಿ ಮಾಡುವುದನ್ನೇ ಇನ್ನೊಂದು ಕಾಯುತ್ತಿತ್ತು, ಎಷ್ಟೋ ಸಲ ಕಾಯದೆ ಒಳನುಗ್ಗುತ್ತಿತ್ತು. ಕೊಕ್ಕಿಗೆ ಕೊಕ್ಕು ಸಿಕ್ಕಿಸಿಕೊಂಡು ನಡೆಯುವ ಆ ಜಗಳದಲ್ಲಿ ಮೊಟ್ಟೆ ಒಡೆಯುತ್ತದೆ, ಮರಿ ಇರಿತಕ್ಕೆ ಸಿಕ್ಕಿ ಸಾಯುತ್ತದೆ. ದೊಡ್ಡ ಹಕ್ಕಿಯನ್ನು ಚಿಕ್ಕದು ಎದುರಿಸಿ ಗೆಲ್ಲಲಾರದು. ಅದರ ರಕ್ಷಣೆ ದೊಡ್ಡ ಹಕ್ಕಿ ಒಳಬರಲಾಗದಷ್ಟು ಕಿರಿದಾದ ಬಾಗಿಲು.

ಗಲಪಗೋಸ್‌ನಲ್ಲೂ ಇದಕ್ಕೆ ಹೊಂದುವ ಸಂಗತಿ ಕಂಡಿದೆ. ಒಂದೇ ಸಮುದ್ರ, ಒಂದೇ ಪ್ರಭೇದ, ಹತ್ತಿರ ಹತ್ತಿರದ ಎರಡು ಪುಟ್ಟ ದ್ವೀಪ. ಒಂದರಲ್ಲಿ ಗೂಡಿನ ಕಾಲ ನಿಶ್ಚಿತ, ಇನ್ನೊಂದರಲ್ಲಿ ವರ್ಷವಿಡೀ. ಮೀನಿನ ಲಭ್ಯತೆಯಿಂದ ಇದನ್ನು ವಿವರಿಸಲಾಗುವುದಿಲ್ಲ, ಏಕೆಂದರೆ ಮೀನು ಎರಡಕ್ಕೂ ಒಂದೇ. ಪೊಟರೆಯ ಪೈಪೋಟಿ ಹೆಚ್ಚಿರುವಲ್ಲಿ ಜಾಗ ಸಿಕ್ಕಾಗ ಮೊಟ್ಟೆ ಇಡಬೇಕಾಗುತ್ತದೆ. ಅದೇ ಅಲ್ಲಿ ಋತುವನ್ನು ನಿರ್ಧರಿಸುತ್ತದೆ. ನನಗೆ ಈ ಹಕ್ಕಿಯ ಬಗ್ಗೆ ತಿಳಿದ ಸಂಗತಿಗಳಲ್ಲೆಲ್ಲ ಹೆಚ್ಚು ಅರ್ಥಪೂರ್ಣ ಅನ್ನಿಸುವುದು ಇದು.

ಕಡಲಲ್ಲಿ ಗುರುತಿಸುವುದು

ದೂರದಿಂದ ಇದು ರೀವ ಹಕ್ಕಿಯಂತೆ ತೋರಬಹುದು. ರೀವದ ರೆಕ್ಕೆ ಉದ್ದ, ಕಿರಿದು, ಬಾಲ ಕವಲು. ಟ್ರಾಪಿಕ್‌ಬರ್ಡ್‌ನ ಮೈ ದಪ್ಪ, ರೆಕ್ಕೆಬಡಿತ ಚುರುಕು, ಬಾಲ ಬೆಣೆಯಾಕಾರ. ಹಡಗು ಕಂಡರೆ ತಾನಾಗಿ ಬಂದು ಒಂದೆರಡು ಸುತ್ತು ಹಾಕಿ ಹೋಗುವ ಅಭ್ಯಾಸವೂ ಇದೆ, ಕ್ಯಾಮೆರಾ ಸಿದ್ಧವಿರಲಿ.

ಬಾಲದ ಗರಿ ನೋಡಿ ಪ್ರಭೇದ ಹೇಳಲು ಹೊರಟವರೇ ಹೆಚ್ಚು ಎಡವುತ್ತಾರೆ. ಕೆಂಪುಬಾಲದ ಗರಿ ಎಷ್ಟು ಸಪೂರ ಎಂದರೆ ತುಸು ದೂರ ಹೋದರೆ ಕಾಣುವುದೇ ಇಲ್ಲ. ಬಾಲವೇ ಇಲ್ಲದ ಬಿಳಿ ಹಕ್ಕಿ ಎನ್ನಿಸುತ್ತದೆ. ಎಳೆಯ ಹಕ್ಕಿಗಳಿಗಂತೂ ಆ ಗರಿಗಳು ಇನ್ನೂ ಬಂದೇ ಇರುವುದಿಲ್ಲ. ಬೆನ್ನು ಮತ್ತು ರೆಕ್ಕೆಯ ಮೇಲ್ಭಾಗವನ್ನು ನೋಡುವುದು ಸರಿಯಾದ ಕ್ರಮ. ಪ್ರಾಯದ ಹಕ್ಕಿಯ ರೆಕ್ಕೆ ಹೆಚ್ಚುಕಡಿಮೆ ಪೂರ್ತಿ ಬೆಳ್ಳಗಿದ್ದರೆ ಕೆಂಪುಬಾಲದ್ದು. ರೆಕ್ಕೆಯ ಒಳಭಾಗದಲ್ಲಿ ಓರೆಯಾಗಿ ದಪ್ಪ ಕಪ್ಪು ಪಟ್ಟೆ ಇದ್ದು ಬೆನ್ನು ಬೆಳ್ಳಗಿದ್ದರೆ ಬಿಳಿಬಾಲದ್ದು. ಅದರ ಕೊಕ್ಕು ಹಳದಿಯಿಂದ ಕಿತ್ತಳೆ. ಬೆನ್ನಿನ ಮೇಲೆಲ್ಲ ಸಣ್ಣ ಕಪ್ಪು ಅಡ್ಡಗೆರೆಗಳಿದ್ದು ಕೊಕ್ಕು ಕೆಂಪಾಗಿದ್ದರೆ ಕೆಂಪುಕೊಕ್ಕಿನದು. ಅರಬ್ಬೀ ಸಮುದ್ರದ ಉಪಪ್ರಭೇದದ ಕೊಕ್ಕು ಕಿತ್ತಳೆಗೆ ವಾಲುವುದರಿಂದ, ಕಣ್ಣಿನ ಕಪ್ಪು ಪಟ್ಟೆಯೂ ಗಿಡ್ಡವಾಗಿರುವುದರಿಂದ, ಅಲ್ಲಿ ಕೊಕ್ಕಿನ ಬಣ್ಣವೊಂದನ್ನೇ ನೆಚ್ಚಬಾರದು.

ಎಳೆಯ ಹಕ್ಕಿಗಳಲ್ಲಿ ಮೂರಕ್ಕೂ ಬೆನ್ನಿನಲ್ಲಿ ಕಪ್ಪು ಗೆರೆಗಳಿರುತ್ತವೆ, ಗೊಂದಲ ಅಲ್ಲಿಯೇ ಹೆಚ್ಚು. ಕಣ್ಣಿನ ಪಟ್ಟೆಗಳು ಹಿಂದಕ್ಕೆ ಹೋಗಿ ಹಿಂಗತ್ತಿನಲ್ಲಿ ಕಪ್ಪು ಪಟ್ಟಿಯಾಗಿ ಕೂಡಿದ್ದರೆ, ರೆಕ್ಕೆ ತುದಿಯ ಉದ್ದ ಗರಿಗಳ ಬುಡವನ್ನು ಮುಚ್ಚುವ ಹೊದಿಕೆಗರಿಗಳೂ ಕಪ್ಪಾಗಿದ್ದರೆ ಕೆಂಪುಕೊಕ್ಕಿನದರ ಮರಿ. ಆ ಹೊದಿಕೆಗರಿಗಳು ಬೆಳ್ಳಗಿದ್ದು, ಬೆನ್ನಿನ ಗೆರೆಗಳು ದಪ್ಪವಾಗಿ ಬಿಡಿಬಿಡಿಯಾಗಿದ್ದರೆ ಬಿಳಿಬಾಲದ್ದು. ರೆಕ್ಕೆತುದಿಯಲ್ಲಿ ಕಪ್ಪು ತೀರಾ ಕಡಿಮೆ ಇದ್ದು ಕೊಕ್ಕು ಕಪ್ಪಾಗಿದ್ದರೆ ಕೆಂಪುಬಾಲದ್ದು. ಹಾಗಾಗಿ ಫೋಟೊ ತೆಗೆಯುವಾಗ ಒಂದಾದರೂ ರೆಕ್ಕೆಯ ಮೇಲ್ಭಾಗ ಕಾಣುವಂತೆ ಇರಲಿ. ಹೊಟ್ಟೆಯ ಕಡೆಯಿಂದ ತೆಗೆದ ಹತ್ತು ಚಿತ್ರಗಳಿಗಿಂತ ಅದೊಂದು ಹೆಚ್ಚು ಕೆಲಸಕ್ಕೆ ಬರುತ್ತದೆ.

ದ್ವೀಪದಲ್ಲಿ ನೋಡುವುದಾದರೆ ಮುಂಜಾನೆ ಏಳುವ ಅವಸರ ಬೇಡ. ಪ್ರಣಯದ ಹಾರಾಟ ಕಾವೇರುವುದು ಬಿಸಿಲೇರಿದ ಮೇಲೆ. ಕೆಂಪುಬಾಲದ ಹಕ್ಕಿಗಳು ಎದುರುಗಾಳಿಗೆ ಮುಖಮಾಡಿ, ರೆಕ್ಕೆ ಬಡಿಯುತ್ತ ಹಿಂದಕ್ಕೆ ತೇಲುತ್ತವೆ, ಬಾಲವನ್ನು ಆಚೀಚೆ ಬೀಸುತ್ತ ಒಂದರ ಸುತ್ತ ಒಂದು ನೆಟ್ಟಗೆ ನಿಲ್ಲಿಸಿದ ಚಕ್ರದಂತೆ ಮೇಲೆ ಕೆಳಗೆ ಸುತ್ತುತ್ತವೆ. ಬಿಳಿಬಾಲದವು ಜೋಡಿಯಾಗಿ ಒಂದರ ಮೇಲೊಂದು ಹಾರುತ್ತವೆ; ಮೇಲಿನದು ತನ್ನ ಬಾಲದ ಗರಿಗಳನ್ನು ಕೆಳಕ್ಕೆ ಬಾಗಿಸಿ ಕೆಳಗಿನದಕ್ಕೆ ತಾಗಿಸುತ್ತದೆ. ಆ ಹಾರಾಟ ಯಾವ ಬಂಡೆಯ ಎದುರು ನಡೆಯುತ್ತದೋ ಗೂಡು ಅಲ್ಲಿಯೇ ಹತ್ತಿರ ಇರುತ್ತದೆ.

ಪೊಟರೆಯೊಳಗಿನ ನಾಲ್ಕು ತಿಂಗಳು

ಗೂಡು ಕಟ್ಟುವುದು ಎಂಬುದಿಲ್ಲ. ಬರಿನೆಲವನ್ನು ಮೈಯಿಂದ ಉಜ್ಜಿ ಸಣ್ಣ ತಗ್ಗು ಮಾಡುತ್ತದೆ, ಒಂದೇ ಮೊಟ್ಟೆ ಇಡುತ್ತದೆ. ಕಂದುಕೆಂಪು ಚುಕ್ಕೆಗಳ ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೊಡುತ್ತವೆ; ಒಂದೊಂದು ಸರದಿ ಹಲವು ದಿನದ್ದು, ಅಷ್ಟು ಹೊತ್ತು ಕೂತ ಹಕ್ಕಿಗೆ ಊಟವಿಲ್ಲ. ಮರಿ ಹೊರಬರಲು 40ರಿಂದ 46 ದಿನ. ಆಮೇಲೆ ಹಾರುವವರೆಗೆ ಪ್ರಭೇದಕ್ಕೆ ಮತ್ತು ಆಹಾರಕ್ಕೆ ತಕ್ಕಂತೆ ಹತ್ತರಿಂದ ಹದಿಮೂರು ವಾರ. ಒಟ್ಟು ನಾಲ್ಕು ತಿಂಗಳ ಆಸುಪಾಸು ಆ ಒಂದು ಜಾಗ ಸುರಕ್ಷಿತವಾಗಿರಬೇಕು.

ಮೊದಲ ದಿನಗಳು ಕಳೆದ ಮೇಲೆ ಮರಿ ಹೆಚ್ಚಿನ ಹೊತ್ತು ಒಂಟಿ. ತಂದೆ ತಾಯಿ ಇಬ್ಬರೂ ದೂರದ ಕಡಲಲ್ಲಿ. ನೆರಳು ಏಕೆ ಬೇಕು ಎಂಬುದು ಈಗ ತಿಳಿಯುತ್ತದೆ: ದಟ್ಟ ತುಪ್ಪುಳದ ಮರಿಗೆ ಉಷ್ಣವಲಯದ ನೇರ ಬಿಸಿಲು ಬಿದ್ದರೆ ತೆವಳಿ ತಪ್ಪಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ಅದು ಬೆಂದುಹೋಗುತ್ತದೆ. ಪೊದೆ ಕಡಿದರೆ, ಮೇಕೆ ಮೇಯ್ದು ಬೋಳಾದರೆ ಕೆಂಪುಬಾಲದ ಹಕ್ಕಿಗೆ ಗೂಡಿನ ಜಾಗವೇ ಹೋದಂತೆ. ಮಾರಿಷಸ್‌ನ ರೌಂಡ್ ಐಲೆಂಡ್‌ನಿಂದ 1979ರಲ್ಲಿ ಮೇಕೆಗಳನ್ನೂ 1986ರಲ್ಲಿ ಮೊಲಗಳನ್ನೂ ತೆಗೆದಾಗ ಉದ್ದೇಶ ಇಡೀ ದ್ವೀಪದ ಗಿಡಮರಗಳನ್ನು ಉಳಿಸುವುದಾಗಿತ್ತು. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೆ ನೆರಳು ಮರಳುವ ದಾರಿಯೂ ಅದೇ.

ಮರಿ ಕೊನೆಯ ವಾರಗಳಲ್ಲಿ ದೊಡ್ಡ ಹಕ್ಕಿಗಿಂತ ಹೆಚ್ಚು ತೂಗಬಹುದು, ಆಮೇಲೆ ಇಳಿಯುತ್ತದೆ. ಹಾರುವ ದಿನ ಯಾರೂ ಜೊತೆಗಿರುವುದಿಲ್ಲ. ಬಾಗಿಲಿಗೆ ತೆವಳಿ ಬಂದು, ರೆಕ್ಕೆ ಬಿಚ್ಚಿ, ಒಮ್ಮೆಗೇ ಕಡಲಿಗೆ. ಮೀನು ಹಿಡಿಯುವುದನ್ನು ತಾನೇ ಕಲಿಯಬೇಕು.

ಈ ಲೆಕ್ಕದಲ್ಲಿ ಇಲಿ, ಬೆಕ್ಕುಗಳನ್ನು ಇಟ್ಟು ನೋಡಿ. ಟ್ರಾಪಿಕ್‌ಬರ್ಡ್ ನೆಲದ ಬೇಟೆಗಾರರಿಲ್ಲದ ದ್ವೀಪಗಳಲ್ಲಿ ವಿಕಾಸಗೊಂಡ ಹಕ್ಕಿ. ಯಾರಾದರೂ ಹತ್ತಿರ ಬಂದರೆ ಹಾರಿಹೋಗುವುದಿಲ್ಲ, ಕೂತಲ್ಲೇ ಕಿರುಚಿ ಕೊಕ್ಕು ಚಾಚುತ್ತದೆ. ಬೆಕ್ಕಿಗೆ ಇದಕ್ಕಿಂತ ಸುಲಭದ ಬೇಟೆ ಇಲ್ಲ. ಅದು ಮರಿಯನ್ನಷ್ಟೇ ಅಲ್ಲ, ಕಾವು ಕೂತ ಹಕ್ಕಿಯನ್ನೂ ಕೊಲ್ಲುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ ಬೆಳೆಸುವ ಜೀವಿಯಲ್ಲಿ ಪ್ರಾಯದ ಹಕ್ಕಿಯೊಂದು ಸತ್ತರೆ ಆ ನಷ್ಟ ತುಂಬಲು ವರ್ಷಗಳು ಬೇಕು. ಇಲಿ ಮೊಟ್ಟೆಗೂ ಎಳೆಮರಿಗೂ ಬರುತ್ತದೆ. ಕುರೆ ಹವಳದ್ವೀಪದಲ್ಲಿ 1960ರ ದಶಕದಲ್ಲಿ ಗೂಡುಗಳನ್ನು ಗಮನಿಸಿದಾಗ ಕೆಂಪುಬಾಲದ ಹಕ್ಕಿಯ ಮೊಟ್ಟೆ, ಮರಿಗಳು ದೊಡ್ಡ ಪ್ರಮಾಣದಲ್ಲಿ ಪಾಲಿನೇಷ್ಯನ್ ಇಲಿಗಳ ಪಾಲಾಗುತ್ತಿದ್ದವು. 1990ರ ದಶಕದಲ್ಲಿ ಅಲ್ಲಿ ಇಲಿಗಳನ್ನು ನಿರ್ಮೂಲ ಮಾಡಿದರು. ಅಸೆನ್ಷನ್ ದ್ವೀಪವನ್ನು 2006ರಲ್ಲಿ ಕಾಡುಬೆಕ್ಕು ಮುಕ್ತ ಎಂದು ಘೋಷಿಸಲಾಯಿತು. ಬೆಕ್ಕು ಹತ್ತಲಾರದ ಕಡಿದಾದ ಬಂಡೆ ಮತ್ತು ಪಕ್ಕದ ಪುಟ್ಟ ದ್ವೀಪಕ್ಕೆ ಸೀಮಿತವಾಗಿದ್ದ ಕಡಲಹಕ್ಕಿಗಳು ಮತ್ತೆ ಮುಖ್ಯ ದ್ವೀಪದ ನೆಲದ ಮೇಲೆ ಕೂರತೊಡಗಿದವು. ಸೇಶೆಲ್ಸ್‌ನ ಅರೀಡ್, ಕಸಿನ್‌ಗಳಲ್ಲಿ ಬಿಳಿಬಾಲದ್ದು ಕಾಲುದಾರಿಯ ಪಕ್ಕದ ಮರದ ಬುಡದಲ್ಲಿ ನಿಶ್ಚಿಂತೆಯಿಂದ ಕೂತಿರುವುದಕ್ಕೆ ಕಾರಣ ಆ ದ್ವೀಪಗಳಲ್ಲಿ ಇಲಿ ಇಲ್ಲದಿರುವುದು. ಬಂಡೆಯ ಹಕ್ಕಿ, ಪೊದೆಯ ಹಕ್ಕಿ ಎಂದು ನಾವು ಬರೆದುಕೊಳ್ಳುವ ಎಷ್ಟೋ ಕಡೆ ಅದು ಹಕ್ಕಿಯ ಆಯ್ಕೆಯಾಗಿರುವುದಿಲ್ಲ, ಬೆಕ್ಕು ಇಲಿ ಬಿಟ್ಟುಕೊಟ್ಟ ಜಾಗವಷ್ಟೇ ಆಗಿರುತ್ತದೆ.

ಮೂರೂ ಪ್ರಭೇದ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಸದ್ಯಕ್ಕೆ ಅಪಾಯವಿಲ್ಲದ ವರ್ಗದಲ್ಲಿವೆ. ಜಗತ್ತಿನ ಮಟ್ಟದಲ್ಲಿ ಅದು ಸರಿ. ಒಂದೊಂದು ದ್ವೀಪದ ಗುಂಪು ಖಾಲಿಯಾಗುತ್ತಿದ್ದರೆ ಆ ಪಟ್ಟಿ ನೋಡಿ ತಿಳಿಯುವುದಿಲ್ಲ. ಪೊಟರೆಗಳನ್ನು ಎಣಿಸಿಯೇ ತಿಳಿಯಬೇಕು.

ಬರ್ಮುಡಾದಲ್ಲಿ ಎಣಿಸುವುದರ ಜೊತೆಗೆ ಪೊಟರೆಗಳನ್ನು ಮಾಡಿಯೂ ಕೊಟ್ಟರು. ಅಲ್ಲಿಯ ಬಂಡೆ ಮೆದು ಸುಣ್ಣಕಲ್ಲು. ಹೊರಗಿನಿಂದ ತಂದು ನೆಟ್ಟ ಗಾಳಿಮರಗಳ ಬೇರು ಬಿರುಕಿನೊಳಗೆ ಇಳಿದು ಬಂಡೆಯನ್ನು ಸೀಳುತ್ತದೆ, ಚಂಡಮಾರುತಕ್ಕೆ ಮರ ಉರುಳಿದರೆ ಬಂಡೆಯ ಮುಖವೇ ಕಿತ್ತುಬರುತ್ತದೆ. 2003ರ ಸೆಪ್ಟೆಂಬರ್‌ನಲ್ಲಿ ಫೇಬಿಯನ್ ಚಂಡಮಾರುತ ದಕ್ಷಿಣ ತೀರದ ಗೂಡುಗಳನ್ನು ಭಾರಿ ಪ್ರಮಾಣದಲ್ಲಿ ಅಳಿಸಿತು. ಆಗ ಹೆಚ್ಚು ಉಪಯೋಗಕ್ಕೆ ಬಂದದ್ದು ಅಲ್ಲಿ ಇಗ್ಲೂ ಎಂದು ಕರೆಯುವ ಕೃತಕ ಗೂಡು. ಛಾವಣಿಗೆ ಬಳಸುವ ಗಟ್ಟಿ ಫೋಮ್‌ನಿಂದ ಗುಮ್ಮಟ ಮಾಡಿ, ಹೊರಗೆ ತೆಳುವಾಗಿ ಸಿಮೆಂಟ್ ಬಳಿದು, ಬಂಡೆಯ ಅಂಚಿನಲ್ಲಿ ಸಿಮೆಂಟಿನಿಂದಲೇ ಕೂರಿಸುತ್ತಾರೆ. ಫೋಮ್ ಯಾಕೆ ಎಂದರೆ ಬರೀ ಕಾಂಕ್ರೀಟ್ ಬಿಸಿಲಿಗೆ ಕಾದು ಒಳಗೆ ಮರಿ ಬೇಯುತ್ತದೆ. ಕೂರಿಸುವಾಗ ನೋಡಬೇಕಾದ್ದು ಕೆಲವಿದೆ. ಚಂಡಮಾರುತದ ಅಲೆ ತಲುಪುವ ಮಟ್ಟಕ್ಕಿಂತ ಜಾಗ ಮೇಲಿರಬೇಕು. ಬಾಗಿಲು ಕಡಲಿಗೆ ತೆರೆದಿರಬೇಕು, ಎದುರಿಗೆ ಕೊಂಬೆ ಬಳ್ಳಿ ಅಡ್ಡ ಇರಬಾರದು. ನೆಲಕ್ಕೆ ಮರಳು, ಮಣ್ಣು ಹಾಕಬೇಕು; ಗಟ್ಟಿ ನೆಲದಲ್ಲಿ ಮೊಟ್ಟೆ ಉರುಳುತ್ತದೆ. ಮಳೆನೀರು ಒಳಗೆ ನಿಲ್ಲದಂತೆ ತುಸು ಇಳಿಜಾರು ಬೇಕು. ಹೊಸ ಗೂಡನ್ನು ಹಕ್ಕಿ ಒಪ್ಪಿಕೊಳ್ಳಲು ಒಂದೆರಡು ಹಂಗಾಮು ಹಿಡಿಯಬಹುದು. ಹಳೆಯ ಪೊಟರೆ ಕುಸಿದ ಜಾಗದಲ್ಲೇ ಇಟ್ಟರೆ ಬೇಗ ಒಪ್ಪುತ್ತದೆ, ಏಕೆಂದರೆ ಜೋಡಿ ವರ್ಷ ವರ್ಷವೂ ಅದೇ ಜಾಗಕ್ಕೆ ಬರುತ್ತದೆ.

ಅದೇ ಬರ್ಮುಡಾದಲ್ಲಿ ಇದೇ ಹಕ್ಕಿಯನ್ನು ತಡೆಯಬೇಕಾಗಿಯೂ ಬಂತು. ಅಳಿದೇಹೋಗಿದೆ ಎಂದು ನಂಬಿದ್ದ ಕಹಾವ್ ಎಂಬ ಪೆಟ್ರೆಲ್ ಹಕ್ಕಿ 1951ರಲ್ಲಿ ಅಲ್ಲಿ ಮತ್ತೆ ಸಿಕ್ಕಿತು, ಕೆಲವೇ ಜೋಡಿಗಳು. ಅದು ಚಳಿಗಾಲದಲ್ಲಿ ಮೊಟ್ಟೆಯಿಡುತ್ತದೆ. ವಸಂತದಲ್ಲಿ ಬಿಳಿಬಾಲದ ಟ್ರಾಪಿಕ್‌ಬರ್ಡ್ ಬಂದು ಅದೇ ಬಿಲಕ್ಕೆ ನುಗ್ಗಿ ಪೆಟ್ರೆಲ್ ಮರಿಯನ್ನು ಕೊಲ್ಲುತ್ತಿತ್ತು. ಪರಿಹಾರವಾಗಿ ಬಿಲದ ಬಾಯಿಗೆ ಮರದ ಹಲಗೆ ಕೂರಿಸಿ, ಪೆಟ್ರೆಲ್ ತೂರಬಲ್ಲ, ಟ್ರಾಪಿಕ್‌ಬರ್ಡ್ ತೂರಲಾಗದ ಅಳತೆಯ ರಂಧ್ರ ಕೊರೆದರು. ಎರಡು ಹಕ್ಕಿಗಳ ಮೈಸುತ್ತಳತೆಯ ವ್ಯತ್ಯಾಸ ಕೆಲವೇ ಮಿಲಿಮೀಟರ್. ರಂಧ್ರ ತುಸು ಸವೆದು ಅಗಲವಾದರೂ ಮರಿ ಹೋಯಿತು, ಹಲಗೆ ಉಬ್ಬಿ ಕಿರಿದಾದರೆ ಪೆಟ್ರೆಲ್‌ಗೇ ಒಳಗೆ ಹೋಗಲಾಗದು. ಬರ್ಮುಡಾದ ಪಕ್ಷಿತಜ್ಞ ಡೇವಿಡ್ ವಿಂಗೇಟ್ ಈ ಕೆಲಸವನ್ನು ದಶಕಗಳ ಕಾಲ ನೋಡಿಕೊಂಡರು. ಒಂದು ಹಕ್ಕಿಗೆ ಬಾಗಿಲು ಮುಚ್ಚಿದವರೇ ಅದಕ್ಕೆ ಬೇರೆ ಕಡೆ ಗೂಡು ಒದಗಿಸುವುದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ. ಇಗ್ಲೂಗಳಿಂದ ಬರ್ಮುಡಾದಲ್ಲಿ ಅದು ಸಾಧ್ಯವಾಯಿತು.

ದಡಕ್ಕೆ ಬಿದ್ದ ಹಕ್ಕಿ ಸಿಕ್ಕರೆ

ಬಿರುಗಾಳಿಯ ನಂತರ ಮರಳಿನಲ್ಲೋ ರಸ್ತೆಯಲ್ಲೋ ಎದೆಯೂರಿ ಕೂತ ಟ್ರಾಪಿಕ್‌ಬರ್ಡ್ ಸಿಗಬಹುದು. ನಿಲ್ಲುತ್ತಿಲ್ಲ, ಆದ್ದರಿಂದ ಕಾಲು ಮುರಿದಿದೆ ಎಂದು ಜನ ಭಾವಿಸುತ್ತಾರೆ. ಅದು ಹೇಗೂ ನಿಲ್ಲುವ ಹಕ್ಕಿಯಲ್ಲ. ಆದರೆ ಗಟ್ಟಿ ನೆಲದ ಮೇಲೆ ತಾಸುಗಟ್ಟಲೆ ಕೂತರೆ ಎದೆಯ ಏಣುಮೂಳೆಯ ಮೇಲಿನ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಅದು ನಿಜವಾದ ಅಪಾಯ.

ಕೈಗವಸು, ಮುಖಗವಸು ಹಾಕಿಕೊಳ್ಳಿ. ಹಕ್ಕಿಜ್ವರದ ಕಾಲದಲ್ಲಿ ಇದನ್ನು ಬಿಡಬಾರದು. ಕೊಕ್ಕು ಹರಿತ, ಮುಖದ ಹತ್ತಿರ ಒಯ್ದರೆ ಕಣ್ಣಿಗೆ ಗುರಿ. ಟವೆಲ್ಲೊಂದನ್ನು ತಲೆ ಸಹಿತ ಮೈಮೇಲೆ ಹಾಕಿ, ರೆಕ್ಕೆಗಳು ಮೈಗೆ ಅಂಟಿಕೊಂಡಿರುವಂತೆ ಎರಡೂ ಕೈಯಿಂದ ಎತ್ತಿ. ಬಾಲ ಹಿಡಿದು ಎಳೆಯಬೇಡಿ, ಗರಿ ಕಿತ್ತುಬರುತ್ತದೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ತಳಕ್ಕೆ ಮಡಚಿದ ದಪ್ಪ ಬಟ್ಟೆ, ಒಳಗೆ ಕತ್ತಲೆ, ಪೆಟ್ಟಿಗೆ ನೆರಳಿನಲ್ಲಿ. ತಂತಿಯ ಪಂಜರ ಬೇಡ, ಗರಿ ಮುರಿಯುತ್ತವೆ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸನಾಳಕ್ಕೆ ಇಳಿದು ಸಾಯಬಹುದು. ಮೀನು ತುರುಕುವುದೂ ಬೇಡ. ದಣಿದ ಹಕ್ಕಿಗೆ ಮೊದಲು ಬೇಕಾದ್ದು ದ್ರವ, ಅದನ್ನು ಕೊಡುವ ಕ್ರಮ ಪಶುವೈದ್ಯರಿಗೆ ಗೊತ್ತು. ಸೋಪು ಹಾಕಿ ತೊಳೆದರೆ ಗರಿಯ ನೀರುತಡೆ ಹೋಗಿ, ಬಿಟ್ಟ ದಿನವೇ ತೊಯ್ದು ಮುಳುಗುತ್ತದೆ. ಎತ್ತರದಿಂದ ಗಾಳಿಗೆ ಎಸೆದರೆ ಹಾರುತ್ತದೆ ಎಂಬ ನಂಬಿಕೆಯೂ ತಪ್ಪು. ದಡಕ್ಕೆ ಬಿದ್ದಿದೆ ಎಂದರೆ ಹೊಟ್ಟೆಗಿಲ್ಲದೆ ಸೊರಗಿದೆ ಎಂದೇ ಬಹುಪಾಲು ಅರ್ಥ. ಎಸೆದರೆ ಎರಡನೆಯ ಸಲ ಬೀಳುತ್ತದೆ. ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಚಿಕಿತ್ಸೆಯ ತಂಡಕ್ಕೆ ಆದಷ್ಟು ಬೇಗ ಒಪ್ಪಿಸಿ. ತೂಕ ಮರಳಿ, ಗರಿ ನೀರು ಹಿಡಿಯದಂತಾದ ಮೇಲೆ ದೋಣಿಯಲ್ಲಿ ಅಲೆ ಒಡೆಯುವ ಸಾಲಿನಾಚೆ ಒಯ್ದು ನೀರಿನ ಮೇಲೆ ಬಿಡುವುದು ಕ್ರಮ. ಒಪ್ಪಿಸುವ ಮುನ್ನ ದಿನಾಂಕ, ಸಿಕ್ಕ ಜಾಗ, ರೆಕ್ಕೆಯ ಮೇಲ್ಭಾಗ, ಕೊಕ್ಕು, ಕಾಲಿನ ಚಿತ್ರ ತೆಗೆದಿಡಿ. ಕಾಲಿನಲ್ಲಿ ಲೋಹದ ಉಂಗುರ ಇದ್ದರೆ ಅದರ ಅಂಕಿ ಅಕ್ಷರಗಳನ್ನು ಪೂರ್ತಿ ಬರೆದುಕೊಳ್ಳಿ. ಆ ಹಕ್ಕಿ ಯಾವ ದ್ವೀಪದ ಯಾವ ಗೂಡಿನಿಂದ ಬಂತು ಎಂದು ತಿಳಿಯುವ ದಾರಿ ಅದೊಂದೇ.

ಕೊನೆಗೆ, ಗೂಡಿರುವ ದ್ವೀಪಕ್ಕೆ ಹೋಗುವವರಿಗೆ. ಹಕ್ಕಿ ಹೆದರಿ ಹಾರುವುದಿಲ್ಲ ಎಂಬ ಕಾರಣಕ್ಕೆ ಹತ್ತಿರ ಹೋಗುವ ಆಸೆ ಬರುತ್ತದೆ. ಕೂತ ಹಕ್ಕಿ ಕಿರುಚಿತು ಎಂದರೆ ನೀವಾಗಲೇ ಬೇಕಾದ್ದಕ್ಕಿಂತ ಹತ್ತಿರ ಇದ್ದೀರಿ. ಅದು ಗಾಬರಿಯಲ್ಲಿ ತೆವಳುವಾಗ ಮೊಟ್ಟೆ ಮೈಯಡಿ ಸಿಕ್ಕಿ ಒಡೆಯುತ್ತದೆ ಅಥವಾ ಬಾಗಿಲಾಚೆ ಉರುಳುತ್ತದೆ. ಬೇರೆ ಮೊಟ್ಟೆ ಇಟ್ಟರೂ ತಿಂಗಳುಗಳು ತಡ. ಗಣತಿಯ ತಂಡಗಳು ಗೂಡಿಗೆ ಸಂಖ್ಯೆ ಹಚ್ಚಿ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಮಾತ್ರ, ಉದ್ದ ಕೋಲಿಗೆ ಕಟ್ಟಿದ ಕನ್ನಡಿ ಅಥವಾ ಕೊಳವೆ ಕ್ಯಾಮೆರಾದಿಂದ ಪಕ್ಕದಿಂದ ಇಣುಕುತ್ತವೆ, ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಬರೆದುಕೊಳ್ಳುವುದು ನಾಲ್ಕೇ ಸಂಗತಿ: ಖಾಲಿಯೇ, ಮೊಟ್ಟೆಯೇ, ಮರಿಯೇ, ಮರಿಯಾದರೆ ರೆಕ್ಕೆಗರಿ ಎಷ್ಟು ಬಂದಿದೆ. ದೋಣಿಯಿಂದ ಇಳಿಯುವ ಮುನ್ನ ಚೀಲ, ಡಬ್ಬ, ಆಹಾರದ ಪೆಟ್ಟಿಗೆಗಳನ್ನು ತೆರೆದು ಒಳಗೆ ಇಲಿ ಇಲ್ಲ ಎಂದು ನೋಡಿಕೊಳ್ಳಬೇಕು, ಪ್ರತಿ ಸಲವೂ. ಬಸಿರಾದ ಒಂದೇ ಇಲಿ ದಡ ಸೇರಿದರೂ ಸಾಕು, ಇಲಿಯಿಲ್ಲದ ಆ ದ್ವೀಪದ ಗೂಡುಗಳೆಲ್ಲ ಅಪಾಯಕ್ಕೆ ಸಿಲುಕುತ್ತವೆ.